ಹಳೆಯ ಲ್ಯಾಪ್‌ಟಾಪ್, ಡೆಬಿಯನ್ 12 ಮತ್ತು ಒಂದು ವೈಫೈ ಅಡಾಪ್ಟರ್: ಎರಡು ವರ್ಷಗಳ ಬಳಕೆಯ ನಂತರ

ಕೊಡಗಿನ ಸುಂಟಿಕೊಪ್ಪದ ಸಮೀಪದ ಕಾಫಿ ತೋಟವೊಂದರಲ್ಲಿ ನಾನು ರೈಟರ್ (ಲೆಕ್ಕಪತ್ರದ ಗುಮಾಸ್ತ) ಆಗಿ ಕೆಲಸ ಮಾಡುತ್ತಿದ್ದೇನೆ. ದಿನದ ಚೆಕ್‌ರೋಲ್ (ಕಾರ್ಮಿಕರ ಹಾಜರಿ ಪಟ್ಟಿ), ವಾರದ ಬಟವಾಡೆ, ಗೊಬ್ಬರದ ದಾಸ್ತಾನು, ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಬಿತ್ತೆಂಬ ದಾಖಲೆ, ಕಣದಿಂದ ಗೋದಾಮಿಗೆ ಹೋದ 50 ಕೆ.ಜಿ. ಚೀಲಗಳ ಲೆಕ್ಕ, ಇವೆಲ್ಲ ಕಚೇರಿಯ ಒಂದು ಡೆಸ್ಕ್‌ಟಾಪ್‌ನಲ್ಲಿದ್ದವು. 2023ರ ಏಪ್ರಿಲ್‌ನಲ್ಲಿ ಬಡಿದ ಸಿಡಿಲಿಗೆ ಅದು ಸುಟ್ಟುಹೋಯಿತು. ಇನ್ನು ಮುಂದೆ ಲ್ಯಾಪ್‌ಟಾಪ್ ಇರಲಿ, ಕರೆಂಟ್ ಹೋದರೂ ಕೆಲಸ ನಿಲ್ಲಬಾರದು ಎಂದ ಸಾಹುಕಾರರು ಆರಿಸುವ ಹೊಣೆಯನ್ನು ನನಗೇ ಬಿಟ್ಟರು. ಆ ಜುಲೈನಲ್ಲಿ ಕುಶಾಲನಗರದಲ್ಲಿ ಕೊಂಡ ಲ್ಯಾಪ್‌ಟಾಪ್, ಅದರಲ್ಲಿ ವಿಂಡೋಸ್ ಬದಲಿಗೆ ಹಾಕಿಕೊಂಡ ಡೆಬಿಯನ್ 12 ಎಂಬ ಕಾರ್ಯಾಚರಣಾ ವ್ಯವಸ್ಥೆ, ಆಮೇಲೆ ತರಿಸಿಕೊಂಡ ಯುಎಸ್‌ಬಿ ವೈಫೈ ಅಡಾಪ್ಟರ್, ಈ ಮೂರರ ವಿಮರ್ಶೆ ಇದು. ಮೂರನ್ನೂ ಒಟ್ಟಿಗೇ ಹೇಳಬೇಕಾಗಿದೆ. ಒಂದನ್ನು ಆರಿಸಿದ ಕೂಡಲೇ ಇನ್ನೊಂದನ್ನು ಆರಿಸುವ ಸ್ವಾತಂತ್ರ್ಯ ಎಷ್ಟು ಉಳಿದಿದೆ ಎಂಬುದೂ ತೀರ್ಮಾನವಾಗಿಬಿಡುತ್ತದೆ ಎಂಬುದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ಸ್ವತಂತ್ರ ತಂತ್ರಾಂಶವೇ ಬೇಕೆಂದು ನಾನು ಹಟ ಹಿಡಿದದ್ದಕ್ಕೆ ಕಾರಣವಿತ್ತು. ನನಗಿಂತ ಹಿಂದಿನ ರೈಟರ್ ಬಟವಾಡೆಯ ಲೆಕ್ಕವನ್ನು ಒಂದು ಖಾಸಗಿ ತಂತ್ರಾಂಶದಲ್ಲಿ ಇಟ್ಟಿದ್ದರು. ಅದನ್ನು ಮಾಡಿಕೊಟ್ಟವರು ವ್ಯವಹಾರ ನಿಲ್ಲಿಸಿದರು, ಪರವಾನಗಿಯ ಅವಧಿ ಮುಗಿಯಿತು, ಒಂಬತ್ತು ವರ್ಷಗಳ ಕಡತಗಳು ನಮ್ಮ ಕಂಪ್ಯೂಟರಿನಲ್ಲೇ ಇದ್ದರೂ ನಮಗೆ ತೆರೆಯಲಿಲ್ಲ. ಲೈನ್ ಮನೆಯಲ್ಲಿದ್ದ ಹಿರಿಯ ಕಾರ್ಮಿಕ ಮಹಿಳೆಯೊಬ್ಬರು ಕೆಲಸ ಬಿಟ್ಟಾಗ ಅವರ ಗ್ರ್ಯಾಚುಟಿ ಲೆಕ್ಕ ಹಾಕಲು ನಾನು ಗೆದ್ದಲು ತಿಂದ ರಿಜಿಸ್ಟರುಗಳನ್ನು ಹುಡುಕಿ, ಹಾಳೆ ಹಾಳೆಯಾಗಿ ಬಿಡಿಸಿ, ಹಾಜರಿಯನ್ನು ಕೂಡಬೇಕಾಯಿತು. ಅವರ ಹಣ ನಾಲ್ಕು ತಿಂಗಳು ತಡವಾಯಿತು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾದರೂ ಬಳಸುವ, ಅದರ ಒಳಗನ್ನು ಓದಿ ತಿದ್ದುವ, ಪ್ರತಿಯನ್ನು ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ, ಸ್ವತಂತ್ರ ತಂತ್ರಾಂಶ ಕೊಡುವ ನಾಲ್ಕು ಸ್ವಾತಂತ್ರ್ಯಗಳ ಬಗ್ಗೆ ನಾನು ಅದಕ್ಕೂ ಮೊದಲು ಓದಿದ್ದೆ. ಅವು ಎಂಜಿನಿಯರುಗಳ ಮಾತೆಂದು ಬಿಟ್ಟಿದ್ದೆ. ಆ ನಾಲ್ಕು ತಿಂಗಳಲ್ಲಿ ಅವು ನನ್ನ ಮಾತಾದವು. ಕನ್ನಡದಲ್ಲಿ ಉಚಿತ ಎಂಬ ಮಾತೂ ಸ್ವತಂತ್ರ ಎಂಬ ಮಾತೂ ಬೇರೆ ಬೇರೆ ಇರುವುದು ನಮ್ಮ ಭಾಗ್ಯ. ನಮ್ಮ ಹಳೆಯ ತಂತ್ರಾಂಶಕ್ಕೆ ನಾವು ದುಡ್ಡನ್ನೂ ಕೊಟ್ಟಿದ್ದೆವು, ಸ್ವಾತಂತ್ರ್ಯವನ್ನೂ ಕಳೆದುಕೊಂಡಿದ್ದೆವು ಎಂದು ಸಾಹುಕಾರರಿಗೆ ಒಂದೇ ವಾಕ್ಯದಲ್ಲಿ ಹೇಳಲು ಸಾಧ್ಯವಾಯಿತು.

ಅಂಗಡಿಯಲ್ಲಿ ಇದ್ದ ಆಯ್ಕೆ ಹೆಚ್ಚೇನೂ ಇರಲಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದಿನವಿಡೀ ತಿರುಗಿ ಬೇಕಾದದ್ದನ್ನು ಹುಡುಕುವ ಅನುಕೂಲ ನಮಗಿಲ್ಲ. ಕುಶಾಲನಗರದ ಆ ಅಂಗಡಿಯಲ್ಲಿ ಕಂಪನಿಗಳು ಬಳಸಿ ಮಾರಿದ ಲ್ಯಾಪ್‌ಟಾಪ್‌ಗಳು ಏಳೋ ಎಂಟೋ ಇದ್ದವು. ನಾನು ಆರಿಸಿದ್ದು 2012ರ, ಮೂರನೇ ಪೀಳಿಗೆಯ ಐ5 ಪ್ರೊಸೆಸರ್, 8 ಜಿಬಿ ರ್‍ಯಾಮ್, 256 ಜಿಬಿ ಎಸ್‌ಎಸ್‌ಡಿ ಇರುವ, ಆಫೀಸುಗಳಿಗೆಂದೇ ತಯಾರಾದ ಗಟ್ಟಿ ಮೈಯ ಲ್ಯಾಪ್‌ಟಾಪ್. ತಳದ ಸ್ಕ್ರೂಗಳನ್ನು ಬಿಚ್ಚಿದರೆ ರ್‍ಯಾಮ್, ಡಿಸ್ಕ್, ಕೀಬೋರ್ಡ್ ಎಲ್ಲವೂ ಕೈಗೆ ಸಿಗುತ್ತವೆ. ಬ್ಯಾಟರಿಯನ್ನಂತೂ ಸ್ಕ್ರೂ ಬಿಚ್ಚದೆಯೇ ತೆಗೆಯಬಹುದು.

“ರೈಟ್ರೇ, ವಿಂಡೋಸ್ ನಾನೇ ಹಾಕಿ ಕೊಡ್ತೇನೆ, ಅದಕ್ಕೆ ಬೇರೆ ದುಡ್ಡು ಬೇಡ,” ಎಂದರು ಅಂಗಡಿಯವರು. ಅದು ಕಳ್ಳ ಪ್ರತಿ ಎಂಬುದು ನನಗೂ ಗೊತ್ತು, ಅವರಿಗೂ ಗೊತ್ತು. “ಬೇಡ ಅಣ್ಣ, ನನ್ನ ಹತ್ತಿರ ಪೆನ್‌ಡ್ರೈವ್ ಇದೆ. ಅದರಿಂದ ಒಮ್ಮೆ ಶುರು ಮಾಡಿ ನೋಡ್ತೇನೆ, ಆಮೇಲೆ ದುಡ್ಡು ಕೊಡ್ತೇನೆ,” ಎಂದೆ. ಅವರು ಬೇಸರಪಡದೆ ಕುರ್ಚಿ ಕೊಟ್ಟು, ಚಹಾ ತರಿಸಿ, ಒಂದು ಗಂಟೆ ಕಾಲಾವಕಾಶ ಕೊಟ್ಟರು. ಬಳಸಿದ ಲ್ಯಾಪ್‌ಟಾಪ್ ಮಾರುವ ಪ್ರತಿಯೊಬ್ಬರೂ ಗಿರಾಕಿಗೆ ಕೊಡಬೇಕಾದ ಮರ್ಯಾದೆ ಇದು, ಮತ್ತು ಆ ಅಂಗಡಿಗೆ ನನ್ನ ಪೂರ್ಣ ಅಂಕ.

ಮೊದಲು ಪರೀಕ್ಷಿಸಿದ್ದು ಟ್ರಿಸ್ಕ್ವೆಲ್ 11. ಸ್ವತಂತ್ರ ತಂತ್ರಾಂಶ ಚಳವಳಿಯನ್ನು ಆರಂಭಿಸಿದ ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಸ್ಥಾಪಿಸಿದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಒಪ್ಪಿರುವ ಕೆಲವೇ ಕಾರ್ಯಾಚರಣಾ ವ್ಯವಸ್ಥೆಗಳಲ್ಲಿ ಅದೂ ಒಂದು. ಅದರಲ್ಲಿ ಮುಚ್ಚಿದ, ಅಂದರೆ ಒಳಗನ್ನು ಓದಲು ಬಿಡದ ತಂತ್ರಾಂಶದ ಒಂದು ತುಣುಕೂ ಇರುವುದಿಲ್ಲ. ಪರದೆ, ಧ್ವನಿ, ಕೀಬೋರ್ಡ್, ಮುಚ್ಚಳ ಮಡಚಿದರೆ ಮಲಗುವುದು, ತೆರೆದರೆ ಏಳುವುದು, ಎಲ್ಲವೂ ಸರಿಯಾಗಿತ್ತು. ವೈಫೈ ಮಾತ್ರ ಇರಲಿಲ್ಲ. ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್ ಬರೆದಿಡುವ ದಾಖಲೆಯನ್ನು ತೆರೆದು ನೋಡಿದಾಗ, ಸ್ವತಂತ್ರ ಫರ್ಮ್‌ವೇರ್ (ಸಾಧನದ ಚಿಪ್‌ನೊಳಗೆ ಓಡುವ ತಂತ್ರಾಂಶ) ಇಲ್ಲ, ಸ್ವತಂತ್ರವಲ್ಲದ ಫರ್ಮ್‌ವೇರ್ ತುಂಬುವುದನ್ನು ತಡೆಯಲಾಗಿದೆ ಎಂಬ ಅರ್ಥದ ಸಾಲು ಕಂಡಿತು. ಬೇಕಾಗಿದ್ದ ಕಡತದ ಹೆಸರು ಇರಬೇಕಾದ ಜಾಗದಲ್ಲಿ, ಎರಡು ಓರೆಗೆರೆಗಳ ನಡುವೆ, ಮುಚ್ಚಿದ ತುಣುಕನ್ನು ತೆಗೆಯಲಾಗಿದೆ ಎಂಬರ್ಥದ ‘ಡೀಬ್ಲಾಬ್ಡ್’ ಎಂಬ ಒಂದೇ ಪದವಿತ್ತು. ಟ್ರಿಸ್ಕ್ವೆಲ್ ಬಳಸುವ ಲಿನಕ್ಸ್-ಲಿಬ್ರೆ ಕರ್ನೆಲ್‌ನ ನೀತಿಯೇ ಅದು: ಮುಚ್ಚಿದ ಫರ್ಮ್‌ವೇರ್ ಕೊಡದಿರುವುದಷ್ಟೇ ಅಲ್ಲ, ಅದರ ಹೆಸರನ್ನೂ ಹೇಳಿ ಬಳಕೆದಾರನನ್ನು ಆ ಕಡೆ ಕಳುಹಿಸದಿರುವುದು.

ಈ ನೀತಿಯ ಹಿಂದಿರುವ ಪ್ರಾಮಾಣಿಕತೆಯನ್ನು ನಾನು ಗೌರವಿಸುತ್ತೇನೆ. ವೈಫೈ ಚಿಪ್ ಎಂಬುದು ತಾನೇ ಒಂದು ಪುಟ್ಟ ಕಂಪ್ಯೂಟರ್. ಅದರೊಳಗೆ ಓಡುವ ತಂತ್ರಾಂಶವನ್ನು ತಯಾರಿಸಿದ ಕಂಪನಿ ಅದರ ಸೋರ್ಸ್ ಕೋಡನ್ನು, ಅಂದರೆ ಮನುಷ್ಯರು ಓದಬಲ್ಲ ಮೂಲ ಬರಹವನ್ನು ಯಾರಿಗೂ ಕೊಡುವುದಿಲ್ಲ, ಹೀಗಾಗಿ ನಮ್ಮ ಮನೆಯ ಬಾಗಿಲಲ್ಲಿ ನಿಂತು ಎಲ್ಲ ಕಾಗದಗಳನ್ನೂ ಕೈಯಿಂದ ಕೈಗೆ ದಾಟಿಸುವ ಅಂಚೆಯವನು ಯಾರೆಂದು ನಮಗೆ ತಿಳಿಯುವುದೇ ಇಲ್ಲ. ಆದರೆ ಹೆಸರನ್ನೂ ಮರೆಮಾಚುವುದನ್ನು ನಾನು ಒಪ್ಪಲಾರೆ. ನನ್ನ ಯಂತ್ರದಲ್ಲಿ ಏನು ಕೊರತೆಯಿದೆ ಎಂದು ತಿಳಿಯುವುದು ಆ ನಾಲ್ಕು ಸ್ವಾತಂತ್ರ್ಯಗಳಲ್ಲಿ ಎರಡನೆಯದರ, ಅಂದರೆ ಒಳಗನ್ನು ಓದಿ ಅರಿಯುವ ಸ್ವಾತಂತ್ರ್ಯದ ಮೊದಲ ಮೆಟ್ಟಿಲಲ್ಲವೇ?

ಎರಡನೆಯ ಪೆನ್‌ಡ್ರೈವ್‌ನಲ್ಲಿ, ಹಿಂದಿನ ತಿಂಗಳಷ್ಟೇ ಬಿಡುಗಡೆಯಾಗಿದ್ದ ಡೆಬಿಯನ್ 12 ಇತ್ತು. ಅದು ಶುರುವಾದ ಎರಡು ನಿಮಿಷದಲ್ಲಿ ವೈಫೈ ಸಿಕ್ಕಿತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್, ತನ್ನ ವ್ಯವಸ್ಥೆ ಪೂರ್ತಿ ಸ್ವತಂತ್ರವಾಗಿಯೇ ಇರುತ್ತದೆ ಎಂದು 1997ರ ಸಾಮಾಜಿಕ ಒಪ್ಪಂದದಲ್ಲಿ ಬರೆದುಕೊಟ್ಟಿತ್ತು. ಅದರಿಂದಾಗಿ ಎಷ್ಟೋ ವರ್ಷ ಅದರ ಅಧಿಕೃತ ಪ್ರತಿಯಲ್ಲಿ ಮುಚ್ಚಿದ ಫರ್ಮ್‌ವೇರ್ ಇರಲಿಲ್ಲ, ಹೊಸಬರು ಅದನ್ನು ಬೇರೆಡೆಯಿಂದ ಇಳಿಸಿಕೊಂಡು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕಾಗಿತ್ತು. ವೈಫೈ ಇಲ್ಲದೆ ವೈಫೈಯ ಫರ್ಮ್‌ವೇರ್ ಇಳಿಸುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕಿ ಎಷ್ಟು ಜನ ಬಂದ ದಾರಿಯಲ್ಲೇ ಹಿಂದಿರುಗಿರಬೇಡ! 2022ರ ಅಕ್ಟೋಬರ್‌ನಲ್ಲಿ ಡೆಬಿಯನ್ನಿನ ಸದಸ್ಯರು ಮತ ಹಾಕಿ, ಆ ಒಪ್ಪಂದಕ್ಕೆ ತಿದ್ದುಪಡಿ ತಂದು, ಅಗತ್ಯವಿರುವ ಫರ್ಮ್‌ವೇರನ್ನು ಅಧಿಕೃತ ಪ್ರತಿಯಲ್ಲೇ ಸೇರಿಸಲು ತೀರ್ಮಾನಿಸಿದರು. ಡೆಬಿಯನ್ 12 ಆ ತೀರ್ಮಾನದ ಮೊದಲ ಫಲ.

ಇದನ್ನು ಸೋಲೆಂದು ಕರೆಯುವವರಿದ್ದಾರೆ. ಎರಡು ವರ್ಷ ಬಳಸಿದ ಮೇಲೆ ನನಗೆ ಹಾಗನ್ನಿಸುವುದಿಲ್ಲ, ಏಕೆಂದರೆ ಡೆಬಿಯನ್ ಆ ಕಡತಗಳನ್ನು ಸ್ವತಂತ್ರ ತಂತ್ರಾಂಶದ ರಾಶಿಯಲ್ಲಿ ಬೆರೆಸಲಿಲ್ಲ. ಅವುಗಳಿಗೆಂದೇ ಬೇರೆ ಭಂಡಾರ ಮಾಡಿ, ‘ಸ್ವತಂತ್ರವಲ್ಲದ ಫರ್ಮ್‌ವೇರ್’ ಎಂದೇ ಹೆಸರಿಟ್ಟಿತು. ಅನುಸ್ಥಾಪನೆಯ ಆರಂಭದಲ್ಲೇ ಇದು ಬೇಡವೆಂದು ಹೇಳುವ ಆಯ್ಕೆಯೂ ಇದೆ. ಕಾಫಿಯಲ್ಲಿ ಚಿಕೋರಿ ಬೆರೆಸಿದ್ದರೆ ಪೊಟ್ಟಣದ ಮೇಲೆ ಎಷ್ಟು ಬೆರೆಸಿದೆ ಎಂದು ಬರೆಯಬೇಕೆನ್ನುವ ನ್ಯಾಯವನ್ನೇ ಇಲ್ಲಿಯೂ ಪಾಲಿಸಿದ್ದಾರೆ. ಸ್ವಾರಸ್ಯವೆಂದರೆ, ಹಳೆಯ ಲ್ಯಾಪ್‌ಟಾಪ್‌ಗಳ ಬಯೋಸ್ (ಗುಂಡಿ ಒತ್ತಿದಾಗ ಮೊದಲು ಓಡಿ ಯಂತ್ರವನ್ನು ಎಬ್ಬಿಸುವ ತಂತ್ರಾಂಶ) ಜಾಗಕ್ಕೆ ಸ್ವತಂತ್ರ ತಂತ್ರಾಂಶ ಕೊಡುವ ಲಿಬ್ರೆಬೂಟ್ ಯೋಜನೆಯೂ ಅದೇ 2022ರ ಕೊನೆಯಲ್ಲಿ ತನ್ನ ನೀತಿಯನ್ನು ಸಡಿಲಿಸಿತು. ಅಲ್ಲಿಯವರೆಗೆ ಪೂರ್ತಿ ಸ್ವತಂತ್ರವಾಗಿಸಬಹುದಾದ ಯಂತ್ರಗಳಿಗೆ ಮಾತ್ರ ಅಲ್ಲಿ ಸ್ಥಾನವಿತ್ತು. ಲ್ಯಾಪ್‌ಟಾಪ್‌ಗಳಲ್ಲಿ ಅಂಥವು ಹೆಚ್ಚಾಗಿ 2008ರ ಸುಮಾರಿನ ಮಾದರಿಗಳು. ಅಂಥದ್ದನ್ನು ನಾನು ಕುಶಾಲನಗರದಲ್ಲಿ ಎಲ್ಲಿ ಹುಡುಕಲಿ? ಹದಿನೈದು ವರ್ಷ ಹಳೆಯ ಯಂತ್ರವೊಂದನ್ನು ಮಾತ್ರ ಕೊಳ್ಳಬಹುದು ಎನ್ನುವ ಸ್ವಾತಂತ್ರ್ಯ, ದೂರದ ಊರಿನಿಂದ ದುಬಾರಿ ಬೆಲೆ ತೆತ್ತು ತರಿಸಬಲ್ಲವರಿಗೆ ಮಾತ್ರ ದಕ್ಕುವ ಸ್ವಾತಂತ್ರ್ಯವಾಗುತ್ತದೆ.

ಇಷ್ಟು ಹೇಳಿದ ಮೇಲೆ ಎದುರು ಪಕ್ಷದ ಮಾತನ್ನೂ ಹೇಳಬೇಕು. ‘ನನಗೆ ಬೇಕಾದ ಹಾರ್ಡ್‌ವೇರ್ ನಾನು ಕೊಳ್ಳುತ್ತೇನೆ, ತಂತ್ರಾಂಶ ಅದಕ್ಕೆ ಹೊಂದಿಕೊಳ್ಳಲಿ’ ಎಂಬ ವಾದ ಕೇಳಲು ನ್ಯಾಯವಾಗಿಯೇ ಇದೆ, ಆದರೆ ಆ ಆಯ್ಕೆ ನಿಜವಾಗಿ ಯಾರದ್ದು ಎಂಬುದು ನನಗೆ ಆ ಆಗಸ್ಟ್‌ನಲ್ಲಿ ತಿಳಿಯಿತು. ಫರ್ಮ್‌ವೇರ್‌ನ ತಂಟೆಯೇ ಬೇಡವೆಂದು ನಾನು ಒಳಗಿನ ವೈಫೈ ಕಾರ್ಡನ್ನೇ ಬದಲಿಸಲು ಹೊರಟೆ. ಅಥೆರೋಸ್ ಕಂಪನಿಯ ಎಆರ್9280ಯಂಥ ಚಿಪ್‌ಗಳಿಗೆ ಹೊರಗಿನಿಂದ ಫರ್ಮ್‌ವೇರ್ ತುಂಬುವ ಅಗತ್ಯವಿಲ್ಲ, ಕಂಪ್ಯೂಟರಿನ ಕಡೆಯಿಂದ ಅವುಗಳನ್ನು ನಡೆಸುವ ಚಾಲಕ ತಂತ್ರಾಂಶ (ಡ್ರೈವರ್) ಪೂರ್ತಿ ಸ್ವತಂತ್ರ. ಬಳಸಿದ ಕಾರ್ಡೊಂದನ್ನು ತರಿಸಿ, ತಳ ಬಿಚ್ಚಿ, ಎರಡು ತೆಳು ಆಂಟೆನಾ ತಂತಿಗಳನ್ನು ಚಿಮ್ಮಟದಲ್ಲಿ ಎತ್ತಿ ಹೊಸ ಕಾರ್ಡಿಗೆ ಒತ್ತಿ, ಮುಚ್ಚಿ, ಗುಂಡಿ ಒತ್ತಿದೆ. ಕಪ್ಪು ಪರದೆಯ ಮೇಲೆ, ಅನಧಿಕೃತ ನೆಟ್‌ವರ್ಕ್ ಕಾರ್ಡ್ ಅಳವಡಿಸಲಾಗಿದೆ, ಯಂತ್ರವನ್ನು ನಿಲ್ಲಿಸಿ ಅದನ್ನು ತೆಗೆಯಿರಿ ಎಂಬ ಆದೇಶ ಬಂತು. ಮುಂದೆ ಏನೂ ನಡೆಯಲಿಲ್ಲ. ಲ್ಯಾಪ್‌ಟಾಪ್ ತಯಾರಿಸಿದ ಕಂಪನಿ ತನ್ನ ಬಯೋಸ್‌ನಲ್ಲಿ ತಾನು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಇಟ್ಟಿತ್ತು, ಆ ಪಟ್ಟಿಯಲ್ಲಿ ನನ್ನ ಕಾರ್ಡ್ ಇರಲಿಲ್ಲ. ಯಂತ್ರ ನಮ್ಮದು, ಕಾರ್ಡ್ ನಮ್ಮದು, ಕೊಟ್ಟ ದುಡ್ಡು ತೋಟದ್ದು. ಅಧಿಕೃತ, ಅನಧಿಕೃತ ಎಂದು ತೀರ್ಮಾನಿಸುವ ಅಧಿಕಾರ ಮಾತ್ರ ಮಾರಿ ಹೋದವರ ಬಳಿಯೇ ಉಳಿದಿತ್ತು. ಮುಚ್ಚಿದ ತಂತ್ರಾಂಶವೇ ಹಾರ್ಡ್‌ವೇರ್ ಆಯ್ಕೆಯ ಸ್ವಾತಂತ್ರ್ಯವನ್ನು ಕಿತ್ತುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಅಂದಿನಿಂದ, ಈ ಎರಡು ಸ್ವಾತಂತ್ರ್ಯಗಳು ಒಂದಕ್ಕೊಂದು ವಿರುದ್ಧ ಎಂದು ಯಾರಾದರೂ ಹೇಳಿದರೆ ನಾನು ಆ ಕಪ್ಪು ಪರದೆಯ ಕತೆಯನ್ನು ಹೇಳುತ್ತೇನೆ.

ಆ ಪೀಳಿಗೆಯ ಹಲವು ಲ್ಯಾಪ್‌ಟಾಪ್‌ಗಳಿಗೆ ಬಯೋಸ್ ಬದಲು ಕೋರ್‌ಬೂಟ್ ಎಂಬ ಮುಕ್ತ ತಂತ್ರಾಂಶ ಹಾಕಿ ಈ ಪಟ್ಟಿಯನ್ನೇ ಇಲ್ಲವಾಗಿಸಬಹುದು. ಅದಕ್ಕೆ ಮದರ್‌ಬೋರ್ಡಿನ ಚಿಪ್‌ಗೆ ಕ್ಲಿಪ್ ಕಚ್ಚಿಸಿ ಹೊರಗಿನ ಪ್ರೋಗ್ರಾಮರ್ ಸಾಧನದಿಂದ ಬರೆಯಬೇಕಾಗುತ್ತದೆ. ಬಟವಾಡೆಯ ಲೆಕ್ಕವಿರುವ ಏಕೈಕ ಯಂತ್ರದ ಮೇಲೆ ಆ ಪ್ರಯೋಗಕ್ಕೆ ನಾನು ಇಳಿಯಲಿಲ್ಲ.

ಹೀಗಾಗಿ ಕೊನೆಗೆ ಬಂದದ್ದು ಯುಎಸ್‌ಬಿ ಅಡಾಪ್ಟರ್. ಅಥೆರೋಸ್ ಎಆರ್9271 ಎಂಬ ಚಿಪ್‌ನ ಅಡಾಪ್ಟರ್‌ಗಳು ಸ್ವತಂತ್ರ ತಂತ್ರಾಂಶದ ಬಳಗದಲ್ಲಿ ಹೆಸರಾದವು. ಇದರ ಫರ್ಮ್‌ವೇರನ್ನು ಕಂಪನಿಯೇ 2013ರಲ್ಲಿ ಸ್ವತಂತ್ರ ಪರವಾನಗಿಯಡಿ ಬಿಡುಗಡೆ ಮಾಡಿತು, ಡೆಬಿಯನ್ನಿನ ಮುಖ್ಯ ಭಂಡಾರದಲ್ಲೇ ಅದು ಸಿಗುತ್ತದೆ. ಚುಚ್ಚಿದ ಕೂಡಲೇ ಹಸಿರು ದೀಪ ಮಿನುಗಿ ಸಂಪರ್ಕ ಸಿಕ್ಕಿತು. ಯಾವ ಕಡತವನ್ನೂ ಹುಡುಕಬೇಕಾಗಲಿಲ್ಲ. ಮಿತಿಗಳೂ ಇವೆ, ಅವನ್ನು ಮುಚ್ಚಿಡುವುದಿಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಇದರ ಕೆಲಸ, ಕಾಗದದ ಮೇಲಿನ ಗರಿಷ್ಠ ವೇಗ ಸೆಕೆಂಡಿಗೆ 150 ಮೆಗಾಬಿಟ್. ನಗರದ ಅಪಾರ್ಟ್‌ಮೆಂಟ್‌ಗಳಲ್ಲಿ ಹತ್ತಾರು ವೈಫೈಗಳು ಒಂದರ ಮೇಲೊಂದು ಬೀಳುವ ಕಡೆ ಇದು ಸಾಕಾಗಲಾರದು. ನಮ್ಮ ತೋಟದ ಕಚೇರಿಯ ಸುತ್ತ ಸಿಲ್ವರ್ ಓಕ್ ಮರಗಳು ಬಿಟ್ಟರೆ ಬೇರೆ ವೈಫೈ ಇಲ್ಲ, ನಮಗೆ ಬರುವ ಇಂಟರ್ನೆಟ್ಟಿನ ವೇಗವೇ ಅದಕ್ಕಿಂತ ಬಹಳ ಕಡಿಮೆ, ಹೀಗಾಗಿ ಎರಡು ವರ್ಷದಲ್ಲಿ ಕೊರತೆ ಕಾಡಲಿಲ್ಲ. ಆಂಟೆನಾ ಹೊರಗೆ ಚಾಚಿಕೊಂಡಿರುವುದರಿಂದ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕುವ ಮುನ್ನ ಮರೆಯದೆ ತೆಗೆಯಬೇಕು. ಕೊಳ್ಳುವವರಿಗೆ ಒಂದು ಎಚ್ಚರಿಕೆ: ಹೊರನೋಟಕ್ಕೆ ಒಂದೇ ರೀತಿ ಇರುವ ಅಡಾಪ್ಟರ್‌ಗಳೊಳಗೆ ಬೇರೆ ಬೇರೆ ಚಿಪ್‌ಗಳಿರುತ್ತವೆ, ಪೆಟ್ಟಿಗೆಯ ಮೇಲಿನ ಮಾತನ್ನು ನಂಬಬೇಡಿ. ಯುಎಸ್‌ಬಿ ಸಾಧನಗಳ ಪಟ್ಟಿ ತೋರಿಸುವ ಆಜ್ಞೆ ಕೊಟ್ಟಾಗ ಗುರುತಿನ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 9271 ಎಂದಿರಬೇಕು. ನನಗೆ ಮೊದಲು ಬಂದದ್ದರಲ್ಲಿ ಹಾಗಿರಲಿಲ್ಲ, ಹಿಂದಿರುಗಿಸಿದೆ.

ಕನ್ನಡದ ವಿಷಯದಲ್ಲಿ ಡೆಬಿಯನ್ನಿಗೆ ಧಾರಾಳವಾಗಿ ಅಂಕ ಕೊಡುತ್ತೇನೆ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ವ್ಯವಸ್ಥೆಯಲ್ಲೇ ಸಿದ್ಧವಿದೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. ಲಿಬ್ರೆಆಫೀಸ್‌ನ ಕ್ಯಾಲ್ಕ್ ಎಂಬ ಲೆಕ್ಕದ ಹಾಳೆಯಲ್ಲಿ ಕಾರ್ಮಿಕರ ಹೆಸರುಗಳನ್ನು ಕನ್ನಡದಲ್ಲೇ ಬರೆದು ಅಕಾರಾದಿಯಾಗಿ ಜೋಡಿಸಿದ್ದೇನೆ, ಚೀಟಿಯಲ್ಲಿ ತಮ್ಮ ಹೆಸರನ್ನು ತಾವೇ ಓದಿಕೊಂಡು ಸಹಿ ಹಾಕುವವರು ಈಗ ಹೆಚ್ಚಾಗಿದ್ದಾರೆ. ಕಡತಗಳೆಲ್ಲ ಮುಕ್ತ ಮಾದರಿಯ ಓಡಿಎಸ್‌ನಲ್ಲಿವೆ.

ತೊಡಕಾದದ್ದು ಪ್ರಿಂಟರ್. ಕಚೇರಿಯಲ್ಲಿದ್ದ ಸಣ್ಣ ಲೇಸರ್ ಪ್ರಿಂಟರ್ ತನ್ನ ಕಂಪನಿಯ ಮುಚ್ಚಿದ ಚಾಲಕ ತಂತ್ರಾಂಶವಿಲ್ಲದೆ ಒಂದಕ್ಷರ ಮುದ್ರಿಸುತ್ತಿರಲಿಲ್ಲ. ಡೆಬಿಯನ್ ಬಳಸುವ ಲಿನಕ್ಸ್ ಕರ್ನೆಲ್‌ಗೆಂದು ಕಂಪನಿ ಕೊಟ್ಟಿದ್ದ ಹಳೆಯ ಚಾಲಕ ಹೊಸ ವ್ಯವಸ್ಥೆಯಲ್ಲಿ ನಿಲ್ಲುತ್ತಿರಲಿಲ್ಲ. ಈ ಇಡೀ ಚಳವಳಿಯ ಬೇರಿನಲ್ಲೇ ಒಂದು ಪ್ರಿಂಟರ್ ಇದೆ ಎಂಬುದು ಆ ದಿನಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾಗುತ್ತಿತ್ತು. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಯೋಗಾಲಯಕ್ಕೆ ಬಂದ ಹೊಸ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಬಳಸುವವರಿಗೆ ತಿಳಿಸುವ ವ್ಯವಸ್ಥೆಯೊಂದನ್ನು ಸೇರಿಸಲು ಸ್ಟಾಲ್‌ಮನ್ ಬಯಸಿದ್ದರು. ಹಿಂದಿನ ಪ್ರಿಂಟರಿಗೆ ಅವರು ಹಾಗೆ ಮಾಡಿಯೂ ಇದ್ದರು. ಹೊಸದರ ಸೋರ್ಸ್ ಕೋಡ್ ಸಿಗಲಿಲ್ಲ. ಅದು ತಮ್ಮ ಬಳಿ ಇದ್ದ ಇನ್ನೊಂದು ವಿಶ್ವವಿದ್ಯಾಲಯದ ಸಂಶೋಧಕರು ಯಾರಿಗೂ ಕೊಡುವುದಿಲ್ಲವೆಂದು ಮಾತು ಕೊಟ್ಟುಬಿಟ್ಟಿದ್ದರು. 1983ರಲ್ಲಿ, ಪೂರ್ತಿ ಸ್ವತಂತ್ರ ಕಾರ್ಯಾಚರಣಾ ವ್ಯವಸ್ಥೆಯನ್ನು ಕಟ್ಟುವ ಸ್ಟಾಲ್‌ಮನ್ನರ ಗ್ನೂ ಯೋಜನೆ ಘೋಷಣೆಯಾಯಿತು. ಅಷ್ಟು ವರ್ಷಗಳ ಮೇಲೆ ನಾನು ಸುಂಟಿಕೊಪ್ಪದಲ್ಲಿ ಅದೇ ಗೋಡೆಗೆ ತಲೆ ಬಡಿದುಕೊಳ್ಳುತ್ತಿದ್ದೆ. ಕೊನೆಗೆ ಆ ಪ್ರಿಂಟರನ್ನು ಬಿಟ್ಟು, ಚಾಲಕವೇ ಬೇಕಿಲ್ಲದ, ಐಪಿಪಿ ಎಂಬ ಎಲ್ಲರಿಗೂ ತೆರೆದ ಪದ್ಧತಿಯಲ್ಲಿ ಮುದ್ರಿಸುವ ಪ್ರಿಂಟರ್ ಕೊಂಡೆವು. ಡೆಬಿಯನ್ ಅದನ್ನು ತಾನಾಗಿಯೇ ಗುರುತಿಸಿತು.

ಲ್ಯಾಪ್‌ಟಾಪ್‌ನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೊದಲ ಮಳೆಗಾಲದಲ್ಲಿ ಕೀಬೋರ್ಡಿನ ಸಂದುಗಳಲ್ಲಿ ಬೂಷ್ಟು ಬಂದಿತ್ತು. ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಾತ್ರಿ ಅದನ್ನು ಬಲ್ಬ್ ಉರಿಯುವ ಮರದ ಪೆಟ್ಟಿಗೆಯಲ್ಲಿ ಇಡುತ್ತೇನೆ. ಬ್ಯಾಟರಿಯನ್ನು ಒಮ್ಮೆ ಬದಲಿಸಿದೆ, ಎರಡು ನಿಮಿಷದ ಕೆಲಸ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಿದೆ, ವಿಂಡೋಸ್ 11 ಈ ಪೀಳಿಗೆಯ ಪ್ರೊಸೆಸರ್‌ಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಆದ್ದರಿಂದ ಇಂಥ ಗಟ್ಟಿ ಯಂತ್ರಗಳು ಇನ್ನು ಮುಂದೆ ಅಂಗಡಿಗಳಿಗೆ ಹೆಚ್ಚಾಗಿ ಬರುತ್ತವೆ ಎಂಬುದು ನನ್ನ ಅಂದಾಜು. ಕೊಳ್ಳುವವರು ಪೆನ್‌ಡ್ರೈವ್ ಒಯ್ಯಿರಿ, ದುಡ್ಡು ಕೊಡುವ ಮೊದಲು ವೈಫೈ, ಧ್ವನಿ, ಮಲಗಿಸಿ ಎಬ್ಬಿಸುವುದು, ಇಷ್ಟನ್ನಾದರೂ ನೋಡಿ. ಆಯ್ಕೆಯ ಸ್ವಾತಂತ್ರ್ಯ ನಿಮ್ಮ ಕೈಯಲ್ಲಿರುವುದು ಆ ಒಂದು ಗಂಟೆ ಮಾತ್ರ.

ಅಡಾಪ್ಟರ್ ಬಂದ ದಿನ ನಾನು ಒಳಗಿನ ವೈಫೈಯ ಮುಚ್ಚಿದ ಫರ್ಮ್‌ವೇರನ್ನು ತೆಗೆದುಹಾಕಿದೆ. ಸ್ವತಂತ್ರವಲ್ಲದ ಪ್ಯಾಕೇಜುಗಳು ಏನೇನಿವೆ ಎಂದು ಪಟ್ಟಿ ಮಾಡಿ ತೋರಿಸುವ ಪುಟ್ಟ ತಂತ್ರಾಂಶವೊಂದು ಡೆಬಿಯನ್ನಿನಲ್ಲಿದೆ. ಮೊದಲು ಅದರ ಹೆಸರು ವಿಆರ್‌ಎಮ್‌ಎಸ್ ಎಂದಿತ್ತು, ಸ್ಟಾಲ್‌ಮನ್ನರ ಹೆಸರಿನ ಮೇಲೆ. ಅದನ್ನು ಓಡಿಸಿದಾಗ ಒಂದೇ ಸಾಲು ಉಳಿದಿತ್ತು: ಪ್ರೊಸೆಸರಿನ ಮೈಕ್ರೋಕೋಡ್, ಅಂದರೆ ಪ್ರೊಸೆಸರಿನೊಳಗೇ ಓಡಿ ಅದನ್ನು ನಡೆಸುವ ಸೂಚನೆಗಳು. ಅದನ್ನೂ ತೆಗೆಯಬೇಕೇ ಎಂದು ಬಹಳ ಯೋಚಿಸಿದೆ. ಪ್ರೊಸೆಸರಿನೊಳಗೆ ಕಾರ್ಖಾನೆಯಲ್ಲೇ ಕೂರಿಸಿದ ಮೈಕ್ರೋಕೋಡ್ ಇದ್ದೇ ಇದೆ, ಅದೂ ಮುಚ್ಚಿದ್ದೇ. ಬದಲಾಯಿಸಲಾಗದಂತೆ ಒಳಗೇ ಕೂರಿಸಿದ್ದನ್ನು ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಹಾರ್ಡ್‌ವೇರ್‌ನ ಭಾಗವೆಂದೇ ಒಪ್ಪುತ್ತದೆ, ಹೊರಗಿನಿಂದ ತುಂಬುವುದನ್ನು ಮಾತ್ರ ಒಪ್ಪುವುದಿಲ್ಲ. ಆದರೆ 2018ರಲ್ಲಿ ಪ್ರೊಸೆಸರ್‌ಗಳ ಸ್ಪೆಕ್ಟರ್ ಎಂಬ ಭದ್ರತಾ ದೋಷ ಬಯಲಾದಾಗ ಈ ಪೀಳಿಗೆಯ ಪ್ರೊಸೆಸರ್‌ಗಳಿಗೂ ಬಂದ ಪರಿಹಾರದ ಒಂದು ಭಾಗ ಹೊರಗಿನಿಂದ ತುಂಬುವ ಈ ಕಡತದಲ್ಲೇ ಇದೆ. ಕಡತವನ್ನು ತೆಗೆದರೆ ನನ್ನ ಯಂತ್ರ ಒಂದಿಷ್ಟೂ ಹೆಚ್ಚು ಸ್ವತಂತ್ರವಾಗುವುದಿಲ್ಲ. ಹಳೆಯ ಮುಚ್ಚಿದ ಕೋಡ್ ತನ್ನ ದೋಷದೊಂದಿಗೆ ಓಡುತ್ತಿರುತ್ತದೆ, ಕಾರ್ಮಿಕರ ಬ್ಯಾಂಕ್ ಖಾತೆಗಳ ವಿವರ ಅದೇ ಯಂತ್ರದಲ್ಲಿರುತ್ತದೆ. ಆದ್ದರಿಂದ ಅದನ್ನು ಉಳಿಸಿಕೊಂಡಿದ್ದೇನೆ.

ಪ್ರತಿ ತಿಂಗಳ ಮೊದಲ ಬಟವಾಡೆ ಮುಗಿದ ಮೇಲೆ ಆ ಪಟ್ಟಿಯನ್ನು ತೆಗೆದು ನೋಡುತ್ತೇನೆ. ಅದೇ ಒಂದು ಸಾಲು ಇರುತ್ತದೆ. ಅದು ಏನು, ಏಕೆ ಇಟ್ಟಿದ್ದೇನೆ, ಬಯೋಸ್‌ನ ಪಟ್ಟಿ ಏನನ್ನು ತಡೆಯುತ್ತದೆ, ಲೆಕ್ಕದ ಕಡತಗಳು ಯಾವ ಮಾದರಿಯಲ್ಲಿವೆ ಎಂಬುದನ್ನೆಲ್ಲ ಕನ್ನಡದಲ್ಲಿ ಬರೆದು, ಪ್ಲಾಸ್ಟಿಕ್ ಹೊದಿಸಿ, ಲ್ಯಾಪ್‌ಟಾಪ್ ಇಡುವ ಆ ಮರದ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದ್ದೇನೆ. ನನ್ನ ನಂತರ ಬರುವ ರೈಟರ್‌ಗೆ ಅದು ಮೊದಲು ಕಣ್ಣಿಗೆ ಬೀಳುತ್ತದೆ.